ತಪ್ಪು ತಿಳ್ಕೋಬೇಡಿ ಅನ್ನುವವರಿಗೆ

'ತಪ್ಪು ತಿಳ್ಕೋಬೇಡಿ' ಎಂದು ಶುರುವಾದ ಯಾವ ಮಾತೂ ನಮಗೆ ಇದುವರೆಗೆ ಒಳ್ಳೆಯದನ್ನು ತಂದಿಲ್ಲ.

ನಮ್ಮ ಗೆಳೆಯರೊಬ್ಬರು ಹಳ್ಳಿ ಶಾಲೆಯ ಮೇಷ್ಟ್ರು. ತಾಲ್ಲೂಕು ಕೇಂದ್ರದಲ್ಲಿ ಬಾಡಿಗೆಗೆ ಮನೆ ನೋಡಲು ಹೋದರು. ನಾವಿಬ್ಬರು ಜೊತೆಗಿದ್ದೆವು. ಮನೆಯ ಯಜಮಾನರು ಒಳ್ಳೆಯವರ ಹಾಗೇ ಕಂಡರು. ಜಗುಲಿ ಮೇಲೆ ಕೂರಿಸಿದರು. 'ಯಾವೂರಾಯ್ತು ಮೇಷ್ಟ್ರೇ ತಮ್ಮದು?' ಹೇಳಿದ್ದಾಯಿತು. 'ಊರಲ್ಲಿ ಯಾವ ಬೀದಿ?' ಅದನ್ನೂ ಹೇಳಿದ್ದಾಯಿತು. 'ಅಲ್ಲಿ ನಮ್ಮ ಬೀಗರಿದಾರೆ. ತಾವು ಯಾರ ಪೈಕಿ?' ನಮ್ಮ ಮೇಷ್ಟ್ರಿಗೆ ಸುತ್ತಿಬಳಸಿ ಮಾತಾಡಲು ಬರುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಯಜಮಾನರ ಮುಖ ಕೆಡಲಿಲ್ಲ. ನಗುನಗುತ್ತಲೇ ಅಂದರು: 'ತಪ್ಪು ತಿಳ್ಕೋಬೇಡಿ ಮೇಷ್ಟ್ರೇ. ನಮಗೇನೂ ಇಲ್ಲ. ಮನೇಲಿ ವಯಸ್ಸಾದೋರು ಇದಾರಲ್ಲ, ಅವರಿಗೆ ಕಷ್ಟವಾಗುತ್ತೆ.'

ಅಷ್ಟರಲ್ಲಿ ಒಳಗಿಂದ ಆ ವಯಸ್ಸಾದವರೇ ಗೋಡೆ ಹಿಡಿದುಕೊಂಡು ಈಚೆ ಬಂದರು. ಎಂಬತ್ತು ದಾಟಿದ ಅಜ್ಜಿ. ನಮ್ಮನ್ನು ನೋಡಿ ಮಗನಿಗೆ, 'ಯಾರೋ ಬಂದವ್ರೆ, ಕಾಫಿ ಕೊಟ್ರೇನೋ?' ಎಂದು ಕೇಳಿದರು. ಮಗ ಉತ್ತರ ಕೊಡಲಿಲ್ಲ. ನಾವು ಚಪ್ಪಲಿ ಮೆಟ್ಟಿಕೊಂಡು ಬಂದೆವು.

ಬಸ್‌ಸ್ಟಾಂಡಿನಲ್ಲಿ ಟೀ ಕುಡಿಯುತ್ತಾ ನಾವು ಮನೆಯ ಬಗ್ಗೆ ಮಾತಾಡಲಿಲ್ಲ. ಮನೆ ಇನ್ನೊಂದು ಸಿಕ್ಕೀತು. ನಮ್ಮನ್ನು ಕೆರಳಿಸಿದ್ದು ಆ ಮಾತು. ಮನೆ ಕೊಡುವುದಿಲ್ಲ ಅಂದಿದ್ದರೆ ಜಗಳ ಆಡಬಹುದಿತ್ತು. 'ತಪ್ಪು ತಿಳ್ಕೋಬೇಡಿ' ಅಂದುಬಿಟ್ಟರು. ತಪ್ಪು ಅವರು ಮಾಡಿದರು, ತಿಳಿದುಕೊಳ್ಳುವ ತಪ್ಪನ್ನು ನಮ್ಮ ತಲೆಗೆ ಕಟ್ಟಿದರು. ಕೋಪ ಮಾಡಿಕೊಂಡರೆ ನಾವೇ ಸಣ್ಣವರು. ಸುಮ್ಮನಿದ್ದರೆ ಅವರು ಒಳ್ಳೆಯವರು.

ಇಂಥ ಮಾತುಗಳನ್ನು ನಾವೆಲ್ಲ ದಿನಾ ಕೇಳುತ್ತೇವೆ. ಆಫೀಸಿನಲ್ಲಿ, ಸ್ಟಾಫ್‌ರೂಮಿನಲ್ಲಿ, ಹಾಸ್ಟೆಲಿನಲ್ಲಿ, ಮದುವೆ ಮನೆಯಲ್ಲಿ. 'ನಿಮ್ಮನ್ನು ನೋಡಿದ್ರೆ ಹಾಗೆ ಕಾಣಿಸೋದೇ ಇಲ್ಲ.' 'ನಿಮ್ಮವರಲ್ಲಿ ಇಷ್ಟು ನೀಟಾಗಿರೋರು ಕಡಿಮೆ.' 'ನಾವು ಜಾತಿಗೀತಿ ಮಾಡೋರಲ್ಲಪ್ಪ, ನಮ್ಮ ಮನೇಲೇ ಊಟ ಹಾಕಿದೀವಿ.' 'ಈಗೆಲ್ಲಿದೆ ಸಾರ್ ಜಾತಿ?' ಇವನ್ನೆಲ್ಲ ಆಡುವವರು ನಮ್ಮನ್ನು ಹೊಗಳುತ್ತಿದ್ದೇವೆಂದೇ ನಂಬಿರುತ್ತಾರೆ. ಹಾಗೆ ಕಾಣಿಸುವುದಿಲ್ಲ ಅಂದರೆ ಹೇಗೆ ಕಾಣಿಸಬೇಕಿತ್ತು ಸ್ವಾಮಿ? ಊಟ ಹಾಕಿದ್ದನ್ನು ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದೀರಲ್ಲ, ಬೇರೆ ನೆಂಟರಿಗೆ ಹಾಕಿದ ಊಟದ ಲೆಕ್ಕವನ್ನೂ ಹೀಗೇ ಇಟ್ಟಿದ್ದೀರಾ?

'ಅಯ್ಯೋ, ಬರೀ ಮಾತು ಕಣ್ರೀ, ಇಷ್ಟು ದೊಡ್ಡದು ಮಾಡ್ತೀರಲ್ಲ' ಎನ್ನುವವರಿದ್ದಾರೆ. ನಮ್ಮ ಸಂಘಟನೆಯೊಳಗೂ ಇದ್ದಾರೆ. ಭೂಮಿಯ ಪ್ರಶ್ನೆ ಇದೆ, ಕೂಲಿಯ ಪ್ರಶ್ನೆ ಇದೆ, ಮಾತಿನ ಹಿಂದೆ ಯಾಕೆ ಬಿದ್ದಿರಿ ಎಂದು ಕೇಳುತ್ತಾರೆ. ಅವರಿಗೆ 1973ನ್ನು ನೆನಪು ಮಾಡಬೇಕು.

ಆ ವರ್ಷ ನವೆಂಬರಿನಲ್ಲಿ ಮೈಸೂರಿನ ಒಂದು ಸಭೆಯಲ್ಲಿ ಬಿ. ಬಸವಲಿಂಗಪ್ಪನವರು ಒಂದೇ ಒಂದು ಪದ ಆಡಿದರು. ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ದನಕ್ಕೆ ಹಾಕುವ ಬೂಸಾ. ಅವರು ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿ. ತಲೆಯ ಮೇಲೆ ಮಲದ ಬಕೆಟ್ಟು ಹೊರುವ ಪದ್ಧತಿಯನ್ನು ಈ ರಾಜ್ಯದಲ್ಲಿ ನಿಷೇಧಿಸಲು ನಿಂತ ಮನುಷ್ಯ. ಆ ಒಂದು ಪದಕ್ಕೆ ನಾಡು ಹೊತ್ತಿಕೊಂಡಿತು. ಮೆರವಣಿಗೆ, ಕಲ್ಲು, ಪ್ರತಿಕೃತಿ ದಹನ. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಕೊನೆಗೆ ಅವರು ಮಂತ್ರಿಗಿರಿ ಬಿಡಬೇಕಾಯಿತು. ಅಂದು ಯಾರೂ 'ಬರೀ ಮಾತು ಕಣ್ರೀ' ಅನ್ನಲಿಲ್ಲ. 'ತಪ್ಪು ತಿಳ್ಕೋಬೇಡಿ' ಎಂದು ಬಸವಲಿಂಗಪ್ಪನವರ ಪರವಾಗಿ ಯಾರೂ ಊರೂರು ತಿರುಗಲಿಲ್ಲ.

ಹಾಗಾದರೆ ಲೆಕ್ಕ ಹೀಗೆ: ಸಾಹಿತ್ಯವನ್ನು ಬೂಸಾ ಅಂದರೆ ಅದು ನಾಡಿಗೆ ಅವಮಾನ. ಮನುಷ್ಯರನ್ನು ಹೊಲಸು ಅಂದರೆ ಅದು ಗಾದೆ. ದಲಿತ ಚಳವಳಿ ಈ ನಾಡಿನಲ್ಲಿ ಮೇಲೆದ್ದದ್ದೇ ಒಂದು ಪದದ ಜಗಳದ ನಂತರ. ಪದ ಸಣ್ಣದು ಎಂದು ನಮಗೆ ಯಾರೂ ಪಾಠ ಹೇಳಬೇಕಿಲ್ಲ.

ಗಾದೆಯ ಮಾತು ಬಂತು. 'ಊರಿದ್ದ ಮೇಲೆ ಹೊಲಗೇರಿ ಇದ್ದೇ ಇರುತ್ತೆ' ಅನ್ನುವುದನ್ನು ಕೇಳದ ಕನ್ನಡಿಗ ಯಾರಿದ್ದಾರೆ? ಒಳ್ಳೆಯವರಿರುವ ಕಡೆ ಕೆಟ್ಟವರೂ ಇರುತ್ತಾರೆ ಎನ್ನುವುದಕ್ಕೆ ಇದನ್ನು ಆಡುತ್ತಾರೆ. ಕೆಟ್ಟದ್ದಕ್ಕೆ ಹೆಸರು ಬೇಕಾದಾಗ ನಮ್ಮ ಕೇರಿ ನೆನಪಾಗುತ್ತದೆ. ಆ ಕೇರಿಯಲ್ಲಿ ಹುಟ್ಟಿದ ಮಗು ತನ್ನ ಬೀದಿಯ ಹೆಸರನ್ನು ಮೊದಲ ಸಲ ಈ ಗಾದೆಯಲ್ಲಿ ಕೇಳಿಸಿಕೊಳ್ಳುತ್ತದೆ. 2023ರ ಆಗಸ್ಟಿನಲ್ಲಿ ಹೆಸರಾದ ಚಿತ್ರನಟರೊಬ್ಬರು ಲೈವಿನಲ್ಲಿ ಇದೇ ಗಾದೆ ಆಡಿದರು. ದೂರು ದಾಖಲಾಯಿತು. ಬಾಯ್ತಪ್ಪಿ ಬಂತು ಎಂದು ಕ್ಷಮೆ ಕೇಳಿದರು, ವಿಡಿಯೋ ತೆಗೆದುಹಾಕಿದರು. ಹೈಕೋರ್ಟು ತಡೆ ಕೊಟ್ಟಿತು. ಆ ನಟರ ಮೇಲೆ ನಮಗೆ ಬೇರೆ ದ್ವೇಷವಿಲ್ಲ. ನಮ್ಮನ್ನು ಯೋಚನೆಗೆ ಹಚ್ಚಿದ್ದು ಅವರು ಹೇಳಿದ 'ಬಾಯ್ತಪ್ಪಿ' ಎನ್ನುವ ಮಾತು. ಅದು ನಿಜವೇ ಇರಬೇಕು. ಬಾಯ್ತಪ್ಪಿ ಬರಬೇಕಾದರೆ ಬಾಯೊಳಗೆ ಇರಬೇಕಲ್ಲ. ಎಷ್ಟು ತಲೆಮಾರಿನಿಂದ ಎಷ್ಟು ಬಾಯಿಗಳಲ್ಲಿ ಇದು ಕೂತಿದೆ ಎಂಬುದಕ್ಕೆ ಅದೇ ಸಾಕ್ಷಿ.

ಅದೊಂದೇ ಗಾದೆ ಸಾಕ್ಷಿಯಲ್ಲ. ಶಾಸಕರು ಪಕ್ಷ ಬದಲಿಸಿದರೆ ಪತ್ರಿಕೆಗಳು 'ರಾಜಕೀಯ ದೊಂಬರಾಟ' ಎಂದು ತಲೆಬರಹ ಕೊಡುತ್ತವೆ. ದೊಂಬರು ಹಗ್ಗದ ಮೇಲೆ ನಡೆದು ಹೊಟ್ಟೆ ಹೊರೆದವರು. ಕೆಳಗೆ ಬಿದ್ದರೆ ಸೊಂಟ ಮುರಿಯುವ ಕಸುಬು. ಅವರು ಯಾರ ಓಟನ್ನೂ ಮಾರಿಕೊಂಡಿಲ್ಲ. ಕೆಲಸ ಕೆಟ್ಟರೆ 'ಹಜಾಮತಿ' ಅನ್ನುತ್ತಾರೆ. ಕ್ರೂರಿಯಾದರೆ 'ಚಂಡಾಲ' ಅನ್ನುತ್ತಾರೆ. ಇವೆಲ್ಲ ದುಡಿದು ತಿನ್ನುವ ಜನರ ಹೆಸರುಗಳು. ಬಡ್ಡಿಗೆ ಬಡ್ಡಿ ಹಾಕಿ ಊರು ನುಂಗಿದವರ, ದೇವಸ್ಥಾನದ ಭೂಮಿ ಹೊಡೆದವರ ಜಾತಿಯ ಹೆಸರು ಯಾಕೆ ಬೈಗುಳವಾಗಲಿಲ್ಲ? ಬೈಗುಳವನ್ನು ಟಂಕಿಸುವ ಟಂಕಸಾಲೆ ಯಾರ ಕೈಯಲ್ಲಿತ್ತು ಎಂದು ಕೇಳಿಕೊಂಡರೆ ಉತ್ತರ ಸಿಗುತ್ತದೆ.

ಪದಗಳ ಮಾತು ಹಾಗಿರಲಿ. ವ್ಯಾಕರಣವನ್ನೇ ನೋಡಿ. ಮಧ್ಯಮ ಪುರುಷ, ಏಕವಚನ, ಬಹುವಚನ ಎಂದು ನಮ್ಮ ಮೇಷ್ಟ್ರುಗಳು ಬೋರ್ಡಿನ ಮೇಲೆ ಬರೆಯುತ್ತಾರೆ. ಕೇರಿಯ ಮಗುವಿಗೆ ಆ ಪಾಠ ಬೋರ್ಡಿಗೆ ಮೊದಲೇ ಬಂದಿರುತ್ತದೆ. ಎಪ್ಪತ್ತು ವರ್ಷದ ತಾತ ಹತ್ತು ವರ್ಷದ ಹುಡುಗನಿಗೆ 'ಬುದ್ಧೀ' ಅನ್ನುತ್ತಿದ್ದ. ಆ ಹುಡುಗ 'ಏನ್ಲಾ ಮಾದ, ನಮ್ಮಪ್ಪ ಕರೀತಾವ್ನೆ ಬಾ' ಅನ್ನುತ್ತಿದ್ದ. ನಮ್ಮಲ್ಲಿ ಹಲವರು ಇದನ್ನು ಕಣ್ಣಾರೆ ಕಂಡು ಬೆಳೆದವರು. ತಾತನ ಹೆಸರು ಮಾದಯ್ಯ. ಅಯ್ಯ ಎನ್ನುವುದು ಊರೊಳಗೆ ಕಳಚಿಬೀಳುತ್ತಿತ್ತು, ಚಪ್ಪಲಿಯ ಹಾಗೆ. ಈಗ 'ಬುದ್ಧಿ' ಕಡಿಮೆಯಾಗಿದೆ ನಿಜ. 'ಲಾ' ಪೂರ್ತಿ ಹೋಗಿಲ್ಲ. ಇವತ್ತಿಗೂ ಪಂಚಾಯ್ತಿ ಕಟ್ಟೆಗೆ ಹೋಗಿ ಕಿವಿಗೊಡಿ. ಅಧ್ಯಕ್ಷ ದಲಿತ, ಮೀಸಲು ಕ್ಷೇತ್ರದಿಂದ ಬಂದವನು. ಸದಸ್ಯ ಜಮೀನುದಾರ. ಯಾರು ಯಾರಿಗೆ 'ನೀನು' ಅನ್ನುತ್ತಾರೆ, ಯಾರು ಯಾರಿಗೆ 'ನೀವು' ಅನ್ನುತ್ತಾರೆ ಎಂದು ಕೇಳಿಸಿಕೊಂಡರೆ ಸಾಕು. ಯಾರ ಜಾತಿಯನ್ನೂ ಕೇಳುವ ಅಗತ್ಯ ಬೀಳುವುದಿಲ್ಲ.

ನಮ್ಮ ಹೊಟ್ಟೆಯೊಳಗೆ ಬೆಂಕಿ ಹಾಕುವ ಇನ್ನೊಂದು ಮಾತಿದೆ: 'ನಮ್ಮ ಮನೆ ಮಗ ಇದ್ದ ಹಾಗೆ ನೋಡ್ಕೊಂಡಿದೀವಿ.' ಜೀತಕ್ಕಿದ್ದವನ ಬಗ್ಗೆ ಧಣಿಗಳು ಹೇಳುತ್ತಿದ್ದ ಮಾತಿದು. ಈಗ ತೋಟದ ಆಳಿನ ಬಗ್ಗೆ, ಮನೆಗೆಲಸದ ಹುಡುಗಿಯ ಬಗ್ಗೆ ಹೇಳುತ್ತಾರೆ. ಮಗ ಇದ್ದ ಹಾಗೆ! ಮಗ ಕೊಟ್ಟಿಗೆಯಲ್ಲಿ ಮಲಗುತ್ತಾನಾ? ಮಗನ ತಟ್ಟೆ ಗೋಡೆಯಾಚೆ ಇರುತ್ತದಾ? ಹೋಗಲಿ, ಮಗನಿಗೆ ಆಸ್ತಿಯಲ್ಲಿ ಪಾಲಿದೆಯಲ್ಲ, ಈ ಮಗನ ಪಾಲೆಲ್ಲಿ? 1974ರಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ ಜಾರಿಗೆ ಬಂತು, ಉಳುವವನೇ ಹೊಲದೊಡೆಯ ಎಂದರು. ಗೇಣಿದಾರರೆಂದು ದಾಖಲೆ ಇದ್ದವರು ಅರ್ಜಿ ಹಾಕಿದರು, ಭೂಮಿ ಪಡೆದರು. ಒಳ್ಳೆಯದಾಯಿತು. ಆದರೆ ಆ ನೆಲವನ್ನು ನಿಜವಾಗಿ ಉತ್ತ ಮನೆ ಮಗನ ಹೆಸರು ಯಾವ ಪಹಣಿಯಲ್ಲೂ ಇರಲಿಲ್ಲ. ಅವನು ಗೇಣಿದಾರನಲ್ಲ, ಬರೀ ಆಳು. 1976ರಲ್ಲಿ ಜೀತ ನಿರ್ಮೂಲನ ಕಾಯ್ದೆ ಬಂದಾಗ ಅಧಿಕಾರಿಗಳು ಜೀತಗಾರರನ್ನು ಹುಡುಕಿಕೊಂಡು ಹೋದರೆ ಅಲ್ಲೂ ಅದೇ ಮಾತು. 'ಜೀತವೆಲ್ಲಿ ಬಂತು ಸ್ವಾಮಿ, ಮನೆ ಮಗನ ಥರ ಇದಾನೆ.' ಭೂಮಿ ಹಂಚುವಾಗ ಆಳಾದವನು ಜೀತ ಬಿಡಿಸುವಾಗ ಮಗನಾದ. ಭೂಮಿಯ ಪ್ರಶ್ನೆ ಬೇರೆ, ಮಾತಿನ ಪ್ರಶ್ನೆ ಬೇರೆ ಎನ್ನುವ ಗೆಳೆಯರು ಇದನ್ನು ನೋಡಬೇಕು. ಭೂಮಿಯನ್ನು ಉಳಿಸಿಕೊಂಡದ್ದೇ ಇಂಥ ಮಾತಿನಿಂದ.

ಮಗನಾದ ಮೇಲೆ ಅಳಿಯನಾಗುವುದು ಬಾಕಿ ಇತ್ತು. 'ಸರ್ಕಾರದ ಅಳಿಯಂದಿರು' ಎನ್ನುತ್ತಾರೆ. ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ, ನಮಗೆ ಕೇಳಿಸುವಷ್ಟು ಗಟ್ಟಿಯಾಗಿ, ಕೇಳಿಸದಷ್ಟು ಮೆಲ್ಲಗೆ ಎಂದು ತಾವು ತಿಳಿದುಕೊಂಡು. 'ಕೋಟಾದಲ್ಲಿ ಬಂದವನು' ಎನ್ನುತ್ತಾರೆ. 'ಮೆರಿಟ್ ಸತ್ತುಹೋಯ್ತು' ಎನ್ನುತ್ತಾರೆ. ಈ ಮೆರಿಟ್ ಎಂಬ ಮಹಾಪ್ರಾಣಿ ಯಾವಾಗ ಸಾಯುತ್ತದೆ, ಯಾವಾಗ ಬದುಕುತ್ತದೆ ನೋಡೋಣ. 1918ರಲ್ಲಿ ಮೈಸೂರು ಸಂಸ್ಥಾನದಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣೇತರರಿಗೆ ಪಾಲು ಬೇಕೆಂಬ ಕೂಗಿನಿಂದ ಬಂದ ಸಮಿತಿ. ಆಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಅರ್ಹತೆಯ ಹೆಸರಿನಲ್ಲಿ ಒಪ್ಪಲಿಲ್ಲ. ಅಂದು ಆ ಮಾತಿನಿಂದ ನೊಂದವರ ಮೊಮ್ಮಕ್ಕಳಲ್ಲಿ ಎಷ್ಟೋ ಜನ ಇಂದು ನಮಗೆ ಅದೇ ಮಾತನ್ನು ತಿರುಗಿಸಿ ಹೇಳುತ್ತಿದ್ದಾರೆ. ಅಜ್ಜನಿಗೆ ಚುಚ್ಚಿದ ಮುಳ್ಳನ್ನು ಜೋಪಾನವಾಗಿ ಇಟ್ಟುಕೊಂಡು ನಮಗೆ ಚುಚ್ಚುತ್ತಾರೆ.

ದುಡ್ಡು ಕೊಟ್ಟು ಮೆಡಿಕಲ್ ಸೀಟು ಕೊಂಡವನನ್ನು 'ಡೊನೇಷನ್ ಅಳಿಯ' ಎಂದು ಯಾರೂ ಕರೆದದ್ದು ನಾವು ಕೇಳಿಲ್ಲ. ಕ್ಯಾಪಿಟೇಷನ್ ಶುಲ್ಕವನ್ನು ತಡೆಯಲು ಈ ರಾಜ್ಯ 1984ರಲ್ಲಿ ಕಾಯ್ದೆಯನ್ನೇ ಮಾಡಬೇಕಾಯಿತು. ಅಷ್ಟು ಜೋರಾಗಿ ಸೀಟು ವ್ಯಾಪಾರ ನಡೆದಿತ್ತು. ಆ ಡಾಕ್ಟರ ಕೈಗೆ ನಾಡಿ ಕೊಡುವಾಗ ಯಾರೂ ಅಂಕಪಟ್ಟಿ ಕೇಳಲಿಲ್ಲ. 2019ರಲ್ಲಿ 103ನೇ ತಿದ್ದುಪಡಿಯಾಗಿ, ಮೀಸಲಾತಿ ಇಲ್ಲದ ಜಾತಿಗಳ ಬಡವರಿಗೆಂದು ನೂರಕ್ಕೆ 10 ಮೀಸಲು ಬಂತು. ವರ್ಷಕ್ಕೆ 8 ಲಕ್ಷ ರೂಪಾಯಿ ಆದಾಯದ ಒಳಗಿನವರೆಲ್ಲ ಬಡವರಾದರು. ಮೆರಿಟ್ ಸತ್ತಿತೆಂದು ಎದೆ ಬಡಿದುಕೊಳ್ಳುತ್ತಿದ್ದವರು ಅವತ್ತು ಎಲ್ಲಿ ಹೋಗಿದ್ದರು? ಅವರ ಮನೆಯ ಹುಡುಗನನ್ನು ಯಾರೂ ಅಳಿಯ ಅನ್ನಲಿಲ್ಲ.

'ಈಗೆಲ್ಲಿದೆ ಜಾತಿ?' ಈ ಪ್ರಶ್ನೆಗೆ ನಾವು ಭಾಷಣ ಮಾಡುವುದಿಲ್ಲ. ವಿಳಾಸ ಕೊಡುತ್ತೇವೆ. 2010ರ ಜುಲೈಯಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿತ್ತು. ತಾವಿದ್ದ ಜಾಗದಿಂದ ಎಬ್ಬಿಸಬೇಡಿ ಎಂದು ಕೇಳಿ ಕೇಳಿ ಸೋತ ಭಂಗಿ ಜನ ಹಾಡಹಗಲು ಮಲವನ್ನು ಮೈಮೇಲೆ ಸುರಿದುಕೊಂಡರು. 2021ರ ಸೆಪ್ಟೆಂಬರಿನಲ್ಲಿ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿತ್ತು. ಎರಡು ವರ್ಷದ ಮಗು ಓಡಿ ಹೋಗಿ ಹನುಮಂತನ ಗುಡಿ ಹೊಕ್ಕಿತು. ಶುದ್ಧಿಯ ಹೆಸರಿನಲ್ಲಿ ಮಗುವಿನ ಮನೆಯವರಿಗೆ ದಂಡ ಹಾಕಿದರು. 2022ರ ಸೆಪ್ಟೆಂಬರಿನಲ್ಲಿ ಕೋಲಾರ ಜಿಲ್ಲೆಯ ಉಳ್ಳೇರಹಳ್ಳಿಯಲ್ಲಿತ್ತು. ದೇವರ ಉತ್ಸವದ ಕೋಲು ಮುಟ್ಟಿದ ಹುಡುಗನ ಮನೆಗೆ 60 ಸಾವಿರ ದಂಡ. ಅದೇ ವರ್ಷ ನವೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯ ಹೆಗ್ಗೋಠಾರದಲ್ಲಿತ್ತು. ದಲಿತ ಹೆಂಗಸೊಬ್ಬಳು ನೀರು ಕುಡಿದಳೆಂದು ತೊಂಬೆಯ ನೀರನ್ನೆಲ್ಲ ಚೆಲ್ಲಿ ಗಂಜಲದಿಂದ ತೊಳೆದರು. ಇಷ್ಟು ವಿಳಾಸ ಸಾಕೋ, ಇನ್ನೂ ಬೇಕೋ? ಜಾತಿ ಕಾಣದವರು ಕಣ್ಣಿನ ಡಾಕ್ಟರ ಹತ್ತಿರ ಹೋಗುವುದಕ್ಕಿಂತ ಇಲ್ಲಿಗೊಮ್ಮೆ ಹೋಗಿ ಬರಲಿ.

ಕಾನೂನಿದೆಯಲ್ಲ ಎನ್ನುತ್ತೀರಿ. ಇದೆ. ಸಂವಿಧಾನದ 17ನೇ ವಿಧಿ ಇದೆ. 1955ರ ಕಾಯ್ದೆ ಇದೆ. 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ನಾಲ್ಕು ಜನರ ಕಣ್ಣೆದುರು ಜಾತಿ ಹಿಡಿದು ಬೈದರೆ ಅಪರಾಧ. ಆದರೆ ಬೈಗುಳ ನಾಲ್ಕು ಗೋಡೆಯೊಳಗೆ, ಹೊರಗಿನವರು ಯಾರೂ ಇಲ್ಲದ ಕಡೆ ನಡೆದರೆ ಆ ಕಲಮು ಅನ್ವಯಿಸುವುದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ನಮಗೆ ಚುಚ್ಚುವ ಮಾತುಗಳು ಹುಟ್ಟುವುದೇ ಆ ನಾಲ್ಕು ಗೋಡೆಯೊಳಗೆ. ಮೇಲಾಗಿ ನಗುತ್ತಾ ಆಡಿದ ಮಾತಿಗೆ ಯಾವ ಕಲಮು ಹಾಕುತ್ತೀರಿ? 'ತಪ್ಪು ತಿಳ್ಕೋಬೇಡಿ' ಎನ್ನುವುದಕ್ಕೆ ಎಫ್‌ಐಆರ್ ಇಲ್ಲ. ಇದನ್ನು ಠಾಣೆ ಬಗೆಹರಿಸುವುದಿಲ್ಲ. ಆಡಿದ ಜಾಗದಲ್ಲೇ, ಆಡಿದ ಗಳಿಗೆಯಲ್ಲೇ ತಿರುಗಿ ಕೇಳಬೇಕು.

ಕೇಳುವುದಕ್ಕೆ ನಮ್ಮ ಹಿರಿಯರು ದಾರಿ ತೋರಿಸಿದ್ದಾರೆ. ಗಾಂಧೀಜಿ ನಮ್ಮನ್ನು ಹರಿಜನರೆಂದರು. ಪ್ರೀತಿಯಿಂದಲೇ ಕರೆದರು ಎಂದಿಟ್ಟುಕೊಳ್ಳೋಣ. 1938ರಲ್ಲಿ ಆ ಹೆಸರನ್ನು ಮುಂಬಯಿ ಶಾಸನಸಭೆಯಲ್ಲಿ ಕಾನೂನಿನೊಳಗೆ ತರಲು ಹೊರಟಾಗ ಬಾಬಾಸಾಹೇಬರು ಒಪ್ಪಲಿಲ್ಲ. ತಮ್ಮ ಪಕ್ಷದವರನ್ನು ಕರೆದುಕೊಂಡು ಸಭೆಯಿಂದ ಹೊರಗೆ ನಡೆದರು. ಕರುಣೆಯ ಹೆಸರೂ ನಮಗೆ ಬೇಡ, ಯಾರನ್ನು ಏನೆಂದು ಕರೆಯಬೇಕೆಂದು ಅವರೇ ಹೇಳಲಿ ಎನ್ನುವುದು ಅಂದಿನಿಂದ ನಮ್ಮ ಹಟ. 1975ರಲ್ಲಿ ಸಿದ್ಧಲಿಂಗಯ್ಯನವರು ತಮ್ಮ ಮೊದಲ ಸಂಕಲನಕ್ಕೆ 'ಹೊಲೆಮಾದಿಗರ ಹಾಡು' ಎಂದು ಹೆಸರಿಟ್ಟರು. ಬೈಗುಳವಾಗಿದ್ದುದನ್ನು ಪುಸ್ತಕದ ಬೆನ್ನ ಮೇಲೆ ಅಚ್ಚು ಹಾಕಿಸಿದರು. ಆಡುವವನ ಬಾಯಿಂದ ಪದವನ್ನು ಕಿತ್ತುಕೊಂಡ ಬಗೆ ಅದು.

ಇಷ್ಟೆಲ್ಲ ಹೇಳಿ ನಮ್ಮ ಮನೆಯ ಕಸ ಮುಚ್ಚಿಟ್ಟರೆ ನಾವೂ ಆ ಬಾಡಿಗೆ ಮನೆಯ ಯಜಮಾನರೇ. ನಮ್ಮ ಕೇರಿಗಳಲ್ಲಿ ಹೊಲೆಯ ಮಾದಿಗನಿಗೆ, ಮಾದಿಗ ಹೊಲೆಯನಿಗೆ ಆಡುವ ಮಾತುಗಳಿವೆ. ಊರಿನವರಿಂದ ಕಲಿತದ್ದನ್ನು ಒಬ್ಬರ ಮೇಲೊಬ್ಬರು ಪ್ರಯೋಗ ಮಾಡುತ್ತೇವೆ. ನಮ್ಮದೇ ಹೋರಾಟದ ವೇದಿಕೆಯಿಂದ 'ನಾವೇನು ಬಳೆ ತೊಟ್ಕೊಂಡಿಲ್ಲ' ಎಂದು ಮೈಕು ಹರಿಯುವಂತೆ ಕೂಗಿದ್ದೇವೆ. ಮುಂದಿನ ಸಾಲಿನಲ್ಲಿ ಕೂತವರು ಬಳೆ ತೊಟ್ಟ ಕೈಯಲ್ಲೇ ಕಳೆ ಕಿತ್ತು, ಕಲ್ಲು ಹೊತ್ತು, ಆ ದಿನದ ಕೂಲಿ ಬಿಟ್ಟು ಸಭೆಗೆ ಬಂದ ತಾಯಂದಿರು. ಕೇಳಿ ನಕ್ಕು ಸುಮ್ಮನಾದರು. ನಾವು ಊರಿನವರ ಮಾತಿಗೆ ಸುಮ್ಮನಾಗುತ್ತಿದ್ದೆವಲ್ಲ, ಹಾಗೇ. 'ಮುಂಡೆ' ಎನ್ನುವ ಪದ ನಮ್ಮ ಗಂಡಸರ ಬಾಯಲ್ಲಿ ಎಲೆಅಡಿಕೆಯ ಹಾಗೆ ಆಡುತ್ತದೆ. ಇದನ್ನು ಬಿಡದೆ ಅವರಿಗೆ ಬಿಡಿ ಎನ್ನುವ ಹಕ್ಕು ನಮಗಿಲ್ಲ.

ಕೊನೆಗೆ, ಈ ಪತ್ರಿಕೆ ಓದುವ ಮೇಷ್ಟ್ರುಗಳಿಗೆ, ಮೇಡಮ್ಮುಗಳಿಗೆ ಒಂದು ಮಾತು.

ನಮ್ಮೆಲ್ಲರ ನೆನಪಿನಲ್ಲಿ ಒಂದು ದಿನ ಇದೆ. ಮೂರನೆಯ ಕ್ಲಾಸೋ ನಾಲ್ಕನೆಯದೋ. ಮೇಷ್ಟ್ರು ಒಂದು ಹಾಳೆ ಹಿಡಿದುಕೊಂಡು ಬಂದು, 'ಸ್ಕಾಲರ್‌ಶಿಪ್ಪಿನೋರು ಎದ್ದು ನಿಂತ್ಕೊಳ್ರೋ' ಅಂದರು. ಕೆಲವು ಕಡೆ ಅಷ್ಟೂ ಮರ್ಯಾದೆ ಇರಲಿಲ್ಲ, 'ಎಸ್‌ಸಿಗಳು ಏಳ್ರೋ' ಅಂದರು. ನಾವು ಎದ್ದು ನಿಂತೆವು. ಅದುವರೆಗೆ ಪಕ್ಕದಲ್ಲಿ ಕೂತು ಬಳಪ ಹಂಚಿಕೊಳ್ಳುತ್ತಿದ್ದ ಗೆಳೆಯ ಕೆಳಗಿನಿಂದ ಮೇಲೆ ನಮ್ಮನ್ನು ನೋಡಿದ. ಮಾರನೆ ದಿನ ಅವನು ಬೇರೆ ಕಡೆ ಕೂತ. ಮೇಷ್ಟ್ರು ಕೆಟ್ಟವರಲ್ಲ. ಫಾರಂ ತುಂಬುವ ಗಡಿಬಿಡಿಯಲ್ಲಿ ಬಂದ ಮಾತು. ನಮಗೆ ಆ ವರ್ಷ ಬಂದ ದುಡ್ಡು ಎಷ್ಟೆಂದು ಮರೆತುಹೋಗಿದೆ. ಎದ್ದು ನಿಂತದ್ದು ಮರೆತಿಲ್ಲ.

ಇವತ್ತಿಗೂ ಎಷ್ಟೋ ಶಾಲೆಗಳಲ್ಲಿ ಮಕ್ಕಳು ಹಾಗೆ ಎದ್ದು ನಿಲ್ಲುತ್ತಿದ್ದಾರೆ. ಹಾಜರಿ ಪುಸ್ತಕ ನಿಮ್ಮ ಕೈಯಲ್ಲೇ ಇದೆ. ಹೆಸರು ಅದರಲ್ಲೇ ಇದೆ. ಮಗುವನ್ನು ಹತ್ತಿರ ಕರೆದು, ಮೆಲ್ಲಗೆ, 'ನಾಳೆ ಅಪ್ಪನ್ನ ಕರ್ಕೊಂಡು ಬಾ ಮಗಾ, ಒಂದು ಸಹಿ ಬೇಕು' ಅಂದರೆ ಸರ್ಕಾರದ ಗಂಟೇನೂ ಹೋಗುವುದಿಲ್ಲ. ಇದಕ್ಕೆ ಸುತ್ತೋಲೆ ಬರಲಿ ಎಂದು ಕಾಯಬೇಡಿ. ಯಾವ ಸಂಘದ ಠರಾವೂ ಬೇಕಿಲ್ಲ. ನಾಳೆ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಶುರು ಮಾಡಬಹುದು.

ವಿದ್ಯಾರ್ಥಿ ಗೆಳೆಯರೇ, ನಿಮಗೂ ಒಂದು ಕೆಲಸ ಇದೆ. ಯಾರಾದರೂ 'ತಪ್ಪು ತಿಳ್ಕೋಬೇಡಿ' ಎಂದರೆ ಸುಮ್ಮನೆ ತಲೆಯಾಡಿಸಬೇಡಿ. ಕೂಗಾಡಲೂ ಬೇಡಿ. 'ಏನನ್ನ ತಪ್ಪು ತಿಳ್ಕೋಬಾರದು, ಸ್ವಲ್ಪ ಬಿಡಿಸಿ ಹೇಳಿ' ಎಂದು ಕೇಳಿ. ಕೇಳಿ ಅಲ್ಲೇ ನಿಂತುಕೊಳ್ಳಿ. ಅವರು ಬಿಡಿಸಿ ಹೇಳಲಿ. ಹೇಳಲು ಹೊರಟರೆ ತಮ್ಮ ಬಾಯಿಂದಲೇ ಜಾತಿಯ ಹೆಸರು ಹೇಳಬೇಕಾಗುತ್ತದೆ. ಹೇಳುವಾಗ ಅವರ ನಾಲಿಗೆ ತಡವರಿಸುವುದನ್ನು ನಾವು ನೋಡಿದ್ದೇವೆ.

ನಮ್ಮ ಮೇಷ್ಟ್ರು ಅವತ್ತು ಆ ಜಗುಲಿ ಇಳಿದು ಬಂದವರು ಮುಂದಿನ ಭಾನುವಾರ ಮತ್ತೆ ಅದೇ ಮನೆಗೆ ಹೋದರು. ನಾವು ಬೇಡ ಅಂದೆವು. ಹೋದರು. ಯಜಮಾನರಿಗೆ, 'ನಿಮ್ಮ ತಾಯಿಯವರನ್ನ ಒಂದು ಮಾತು ಕೇಳಬೇಕಿತ್ತು, ಅವರಿಗೇ ಕಷ್ಟ ಅಂದ್ರಲ್ಲ' ಎಂದರು. ಯಜಮಾನರು ಬಾಗಿಲು ಹಾಕಿಕೊಂಡರು. ಮೇಷ್ಟ್ರಿಗೆ ಮನೆ ಸಿಗಲಿಲ್ಲ. ಆದರೆ ಆ ಯಜಮಾನರು ಇನ್ನು ಮುಂದೆ ಆ ಮುದುಕಿಯ ಹೆಸರು ಹೇಳಿ ಯಾರನ್ನೂ ಕಳಿಸಲಾರರು ಎಂದು ಮೇಷ್ಟ್ರು ಹೇಳುತ್ತಾರೆ. ಬೇರೆ ಏನಾದರೂ ನೆಪ ಹುಡುಕಲಿ. ಅದನ್ನೂ ಕೇಳೋಣ.